ನಮ್ಮ ಸೈಟ್ ಬೀಳಿಸಿದ ಟ್ರಾಫಿಕ್ಕಿಗೆ ಐಎಸ್‌ಪಿಯವರೂ ಹೊಣೆಯಲ್ವಾ?

ಪ್ರಶ್ನೆ: ಹಾಸನದಲ್ಲಿ ನಮ್ಮದೊಂದು ಕೋಚಿಂಗ್ ಸೆಂಟರ್ ಇದೆ. ಆನ್‌ಲೈನ್ ಮಾಕ್ ಟೆಸ್ಟ್ ಇಟ್ಟಿದ್ದ ದಿನವೇ ನಮ್ಮ ಸೈಟ್ ಬಿದ್ದುಹೋಯಿತು. ಸೈಟಿಗೆ ಸರ್ವರ್ ಬಾಡಿಗೆ ಕೊಟ್ಟ ಹೋಸ್ಟಿಂಗ್ ಕಂಪನಿಯವರು ಇದು ಡಿಡಾಸ್ ದಾಳಿ, ಅಂದರೆ ಸಾವಿರಾರು ಕಡೆಯಿಂದ ಒಟ್ಟಿಗೆ ಟ್ರಾಫಿಕ್ ಸುರಿದು ಸೈಟ್ ಬೀಳಿಸುವುದು ಎಂದರು. ಅವರು ಕೊಟ್ಟ ಲಾಗ್‌ನಲ್ಲಿ (ಸರ್ವರ್‌ಗೆ ಯಾರು ಯಾವಾಗ ಬಂದರು ಎಂಬ ದಾಖಲೆ) ಸಾವಿರಾರು ಐಪಿ ವಿಳಾಸಗಳಿವೆ, ಅದರಲ್ಲಿ ಎಷ್ಟೋ ನಮ್ಮ ದೇಶದ ಮನೆಗಳ ಬ್ರಾಡ್‌ಬ್ಯಾಂಡ್ ಸಂಪರ್ಕಗಳೇ. ಅಂಥ ಸಂಪರ್ಕ ಕೊಡುವ ಒಂದು ಇಂಟರ್ನೆಟ್ ಕಂಪನಿಗೆ, ಅಂದರೆ ಐಎಸ್‌ಪಿಗೆ, ದೂರು ಬರೆದರೆ, "ಬಸ್ಸಲ್ಲಿ ಕಳ್ಳ ಕೂತಿದ್ದರೆ ಕಂಡಕ್ಟರನ್ನ ಹಿಡೀತೀರಾ ಸಾರ್?" ಎಂದು ಉತ್ತರ ಬಂತು. ತಿಂಗಳು ತಿಂಗಳು ದುಡ್ಡು ತಗೊಂಡು ಇಂಥ ಟ್ರಾಫಿಕ್ ಸಾಗಿಸುವವರಿಗೆ ಯಾವ ಹೊಣೆಯೂ ಇಲ್ವಾ?

ಉತ್ತರ: ಅವರು ಕೊಟ್ಟ ಉತ್ತರ ಅರ್ಧ ಸರಿ, ಅರ್ಧ ಜಾರಿಕೆ. ಕಂಡಕ್ಟರ್ ಪ್ರಯಾಣಿಕರ ಚೀಲ ಬಿಚ್ಚಿ ನೋಡಬೇಕಿಲ್ಲ, ನಿಜ. ಆದರೆ ಟಿಕೆಟ್ ಇದೆಯಾ ಅಂತ ನೋಡಲೇಬೇಕು. ಚೆಕಿಂಗ್‌ನವರು ಹತ್ತಿದಾಗ ಟಿಕೆಟ್ ಇಲ್ಲದವರು ಸಿಕ್ಕಿಬಿದ್ದರೆ ಕಂಡಕ್ಟರ್‌ಗೂ ಮೆಮೊ ಬರುತ್ತದೆ, ಅಲ್ವಾ? ನನ್ನ ನಿಲುವೂ ಇಷ್ಟೇ. ಇಂಟರ್ನೆಟ್ಟಿನಲ್ಲಿ ಎಲ್ಲವೂ ಪ್ಯಾಕೆಟ್ ಎಂಬ ಸಣ್ಣ ಸಣ್ಣ ಕಟ್ಟುಗಳಾಗಿ ಹೋಗುತ್ತದೆ, ಆ ಪ್ಯಾಕೆಟ್ಟಿನ ಒಳಗೆ ಏನಿದೆ ಎಂಬುದಕ್ಕೆ ಐಎಸ್‌ಪಿಯನ್ನು ಹಿಡಿಯಬಾರದು. ಆದರೆ ತನ್ನದೇ ಗ್ರಾಹಕರ ಮನೆಯಿಂದ ಸುಳ್ಳು ವಿಳಾಸ ಹೊತ್ತ ಪ್ಯಾಕೆಟ್ ಹೊರಟರೆ ಹಿಡಿಯಬೇಕು. ಇಂಥ ಸಂಪರ್ಕದಿಂದ ದಾಳಿ ಬರ್ತಿದೆ ಎಂದು ಆಧಾರ ಸಮೇತ ತಿಳಿಸಿದ ಮೇಲೂ ಸುಮ್ನೆ ಕೂತರೆ ಆಗಲೂ ಹಿಡಿಯಬೇಕು.

ಈಗಿನ ಕಾನೂನು ಏನು ಹೇಳುತ್ತದೆ ಅನ್ನುವುದನ್ನು ಬೇಗ ಮುಗಿಸಿಬಿಡುತ್ತೇನೆ. ಐಟಿ ಕಾಯ್ದೆಯಲ್ಲಿ 'ಮಧ್ಯವರ್ತಿ' ಅಂತ ಒಂದು ವರ್ಗ ಇದೆ. ಫೇಸ್‌ಬುಕ್, ಗೂಗಲ್ ಥರದವರು ಮಾತ್ರ ಅಂದುಕೊಳ್ಳಬೇಡಿ, ಐಎಸ್‌ಪಿ, ಹೋಸ್ಟಿಂಗ್ ಕಂಪನಿ, ಸೈಬರ್ ಕೆಫೆ ಎಲ್ಲವೂ ಅದರಲ್ಲೇ ಬರುತ್ತವೆ. 79ನೇ ಸೆಕ್ಷನ್ ಇವರಿಗೆ ರಕ್ಷಣೆ ಕೊಡುತ್ತದೆ. ಸಂದೇಶ ಶುರು ಮಾಡಿದ್ದು ನೀವಲ್ಲ, ಯಾರಿಗೆ ಹೋಗಬೇಕು ಎಂದು ಆರಿಸಿದ್ದು ನೀವಲ್ಲ, ಒಳಗಿದ್ದದ್ದನ್ನು ತಿದ್ದಿಲ್ಲ, ತಕ್ಕ ಎಚ್ಚರಿಕೆಯನ್ನೂ ವಹಿಸಿದ್ದೀರಿ ಎಂದಾದರೆ ಬೇರೆಯವರ ತಪ್ಪು ನಿಮ್ಮ ತಲೆಗೆ ಬರುವುದಿಲ್ಲ. ಈ ರಕ್ಷಣೆ ಈಗಿನಷ್ಟು ಗಟ್ಟಿಯಾಗಿದ್ದು 2008ರ ತಿದ್ದುಪಡಿಯಲ್ಲಿ. ಅದರ ಹಿಂದೆ 2004ರ ಬಾಜಿ ಡಾಟ್ ಕಾಮ್ ಪ್ರಕರಣ ಇತ್ತು. ಯಾರೋ ಬಳಕೆದಾರ ಒಂದು ಅಶ್ಲೀಲ ಕ್ಲಿಪ್ಪನ್ನು ಆ ಸೈಟ್‌ನಲ್ಲಿ ಮಾರಾಟಕ್ಕಿಟ್ಟ, ಕಂಪನಿಯ ಮುಖ್ಯಸ್ಥರನ್ನೇ ಪೊಲೀಸರು ಬಂಧಿಸಿದರು. ಮುಂದೆ 2015ರ ಶ್ರೇಯಾ ಸಿಂಘಲ್ ತೀರ್ಪು ಬಂತು. ಎಲ್ಲರೂ ಅದನ್ನು, ಆನ್‌ಲೈನ್‌ನಲ್ಲಿ ಬರೆದದ್ದಕ್ಕೆ ಜನರನ್ನು ಬಂಧಿಸಲು ಬಳಕೆಯಾಗುತ್ತಿದ್ದ 66ಎ ಸೆಕ್ಷನ್ ರದ್ದು ಮಾಡಿದ ಸುಪ್ರೀಂ ಕೋರ್ಟ್ ತೀರ್ಪು ಎಂದಷ್ಟೇ ನೆನಪಿಟ್ಟುಕೊಂಡಿದ್ದಾರೆ. ಆದರೆ ಕೋರ್ಟ್ ಆದೇಶವೋ ಸರ್ಕಾರದ ಸೂಚನೆಯೋ ಬಂದಾಗ ಮಾತ್ರ ಮಧ್ಯವರ್ತಿಗೆ 'ವಿಷಯ ಗೊತ್ತಿತ್ತು' ಎಂದು ಲೆಕ್ಕ, ಯಾರೋ ಖಾಸಗಿಯವರು ಪತ್ರ ಬರೆದ ಮಾತ್ರಕ್ಕೆ ಅಲ್ಲ ಅಂತ ಹೇಳಿದ್ದೂ ಅದೇ ತೀರ್ಪು. ನಿಮ್ಮ ದೂರಿಗೆ ಆ ಐಎಸ್‌ಪಿಯವರು ಅಷ್ಟು ಧೈರ್ಯವಾಗಿ ಉತ್ತರ ಕೊಟ್ಟಿದ್ದರ ಗುಟ್ಟು ಇಲ್ಲಿದೆ.

ನಾನು ಬೆರಳಿಡುವುದು 'ತಕ್ಕ ಎಚ್ಚರಿಕೆ' ಅನ್ನುವ ಜಾಗದ ಮೇಲೆ. ಐಟಿ ಕಾಯ್ದೆಯಡಿ ಮಧ್ಯವರ್ತಿಗಳಿಗೆ ಮಾಡಿದ 2021ರ ನಿಯಮಗಳಲ್ಲಿ ಇದರ ವಿವರ ಇದೆ, ಆದರೆ ಹೆಚ್ಚಿನದೆಲ್ಲ ಜನ ಏನು ಹಾಕಬಾರದು, ಹಾಕಿದ್ದನ್ನು ಎಷ್ಟು ಗಂಟೆಯಲ್ಲಿ ತೆಗೆಯಬೇಕು, ದೂರು ಕೇಳುವ ಅಧಿಕಾರಿ ಯಾರು ಎಂಬ ಬಗ್ಗೆ. ವೈರು ಎಳೆದು ಪ್ಯಾಕೆಟ್ ಸಾಗಿಸುವವನು ತನ್ನ ನೆಟ್‌ವರ್ಕಿನ ಬಾಗಿಲಲ್ಲಿ ಏನು ನೋಡಿಕೊಳ್ಳಬೇಕು ಎಂಬುದಕ್ಕೆ ಅಲ್ಲಿ ಜಾಗ ಕಮ್ಮಿ.

ಹಾಗಾದರೆ ಎಲ್ಲದಕ್ಕೂ ಐಎಸ್‌ಪಿಯೇ ಹೊಣೆ ಎಂದುಬಿಟ್ಟರೆ ಮುಗೀತಲ್ಲ ಎಂದು ನೀವು ಕೇಳಬಹುದು. ಬೇಡ. ಮೊದಲನೆಯದಾಗಿ ಅವರಿಗೆ ಒಳಗಿನದು ಕಾಣುವುದೇ ಇಲ್ಲ. ಇವತ್ತು ವೆಬ್ಬಿನ ಬಹುಪಾಲು ಟ್ರಾಫಿಕ್ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಗುಪ್ತಲಿಪಿಯಲ್ಲಿರುತ್ತದೆ. ಎಲ್ಲಿಂದ, ಎಲ್ಲಿಗೆ, ಎಷ್ಟು ಅನ್ನುವುದು ಕಾಣುತ್ತದೆ, ಏನು ಅನ್ನುವುದು ಕಾಣುವುದಿಲ್ಲ. ಇನ್ನೊಂದು ತೊಡಕು ನಿಮ್ಮ ದಾಳಿಯಲ್ಲೇ ಇದೆ. ನಿಮ್ಮ ವಿದ್ಯಾರ್ಥಿಯೊಬ್ಬ ಲಾಗಿನ್ ಪುಟ ತೆರೆದಾಗ ಬರುವ ಕೋರಿಕೆಗೂ ದಾಳಿಕೋರನ ಹಿಡಿತದಲ್ಲಿರುವ ಯಾವುದೋ ಸಿಸಿಟಿವಿ ಕ್ಯಾಮೆರಾ ಕಳಿಸುವ ಕೋರಿಕೆಗೂ ಬಿಡಿಯಾಗಿ ನೋಡಿದರೆ ವ್ಯತ್ಯಾಸವೇ ಇರಲಿಕ್ಕಿಲ್ಲ. ಸಾವಿರಾರು ಒಟ್ಟಿಗೆ ಬಂದಾಗ ಅದು ದಾಳಿ. ಆ ಒಟ್ಟು ಕಾಣುವುದು ನಿಮ್ಮ ಸರ್ವರ್ ಇರುವ ಕಡೆ, ಒಂದೊಂದು ಮನೆಯ ಐಎಸ್‌ಪಿಗೆ ಅದು ಒಂದು ಸಣ್ಣ ಎಳೆ ಮಾತ್ರ.

ಇದಕ್ಕಿಂತ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಬೇರೆ. ತಲೆ ಮೇಲೆ ಕೇಸಿನ ಕತ್ತಿ ತೂಗುಬಿಟ್ಟರೆ ಐಎಸ್‌ಪಿಗಳು ಏನು ಮಾಡುತ್ತವೆ ಅಂತ ನಾವು ಈಗಾಗಲೇ ನೋಡಿದ್ದೇವೆ. 2012ರಲ್ಲಿ ಸಿನಿಮಾ ಪೈರಸಿ ತಡೆಯಲು ಮದ್ರಾಸ್ ಹೈಕೋರ್ಟಿನಿಂದ ಒಂದು ಆದೇಶ ಬಂತು. ಐಎಸ್‌ಪಿಗಳು ವಿಮಿಯೊದಂಥ ವಿಡಿಯೊ ಸೈಟುಗಳನ್ನು ಪೂರ್ತಿಯಾಗಿ ಮುಚ್ಚಿದವು. ಕೊನೆಗೆ ಕೋರ್ಟೇ, ಇಡೀ ಸೈಟ್ ಅಲ್ಲ, ಕಳ್ಳ ಪ್ರತಿ ಇರುವ ನಿರ್ದಿಷ್ಟ ಲಿಂಕ್ ಮಾತ್ರ ಎಂದು ಸ್ಪಷ್ಟಪಡಿಸಬೇಕಾಯಿತು. 2015ರ ಆಗಸ್ಟಿನದು ಇನ್ನೂ ತಮಾಷೆ. ದೂರಸಂಪರ್ಕ ಇಲಾಖೆ 857 ಅಶ್ಲೀಲ ಸೈಟುಗಳನ್ನು ಮುಚ್ಚಿಸಿತು, ಗಲಾಟೆಯಾದ ಮೇಲೆ 'ಮಕ್ಕಳ ಅಶ್ಲೀಲ ಚಿತ್ರ ಇಲ್ಲದ ಸೈಟುಗಳನ್ನು ನೀವು ಬೇಕಾದರೆ ಬಿಡಬಹುದು' ಎಂದು ತಿದ್ದಿತು. ಯಾವುದರಲ್ಲಿದೆ, ಯಾವುದರಲ್ಲಿಲ್ಲ ಎಂದು ನಾವು ಹೇಗೆ ನೋಡಿಕೊಂಡು ಕೂರುವುದು ಎಂದು ಐಎಸ್‌ಪಿಗಳ ಸಂಘ ಕೈ ಎತ್ತಿತು. ಅವರ ಮಾತು ಸರಿಯಾಗೇ ಇತ್ತು. ಅನುಮಾನ ಬಂದಿದ್ದನ್ನೆಲ್ಲ ಮುಚ್ಚುವುದು ಸುಲಭ, ಅಗ್ಗ, ಅದಕ್ಕೆ ದಂಡವೂ ಇಲ್ಲ. ಆ ಭಯದಲ್ಲಿ ಮೊದಲು ಮುಚ್ಚಿಹೋಗುವುದು ದೊಡ್ಡ ವಕೀಲರಿರುವ ಕಂಪನಿಗಳ ಸೈಟಲ್ಲ, ನಿಮ್ಮಂಥವರ ಸೈಟು.

ಈಗ ಹಿಡಿಯಬೇಕಾದ ಜಾಗಕ್ಕೆ ಬರೋಣ. ಸುಳ್ಳು ವಿಳಾಸದ ಕತೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದರಲ್ಲಿ ಐಎಸ್‌ಪಿ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ.

ಪ್ರತಿ ಪ್ಯಾಕೆಟ್ಟಿನ ಮೇಲೂ 'ಇಂಥವರಿಂದ' ಎಂದು ಕಳಿಸಿದವರ ಐಪಿ ವಿಳಾಸ ಇರುತ್ತದೆ. ಅದನ್ನು ಬರೆಯುವುದು ಕಳಿಸುವ ಯಂತ್ರವೇ. ಸುಳ್ಳು ಬರೆದರೂ ಇಂಟರ್ನೆಟ್ ಸಾಮಾನ್ಯವಾಗಿ ಕೇಳುವುದಿಲ್ಲ, 'ಇಂಥವರಿಗೆ' ಅನ್ನುವುದನ್ನಷ್ಟೇ ನೋಡಿ ಮುಂದಕ್ಕೆ ಕಳಿಸುತ್ತದೆ. ದಾಳಿಕೋರ ಇದನ್ನೇ ಬಳಸುತ್ತಾನೆ. ಎಲ್ಲೋ ತೆರೆದಿಟ್ಟ ಒಂದು ಸರ್ವರ್‌ಗೆ ಚಿಕ್ಕ ಪ್ರಶ್ನೆ ಕಳಿಸುತ್ತಾನೆ, 'ಇಂಥವರಿಂದ' ಅನ್ನುವಲ್ಲಿ ನಿಮ್ಮ ವಿಳಾಸ ಹಾಕುತ್ತಾನೆ. ಸರ್ವರ್ ಪಾಪ, ದೊಡ್ಡ ಉತ್ತರವನ್ನು ನಿಮಗೆ ಕಳಿಸುತ್ತದೆ. 2018ರ ಫೆಬ್ರವರಿ 28ರಂದು ಸಾಫ್ಟ್‌ವೇರ್ ಬರೆಯುವವರು ಬಳಸುವ ಗಿಟ್‌ಹಬ್ ಸೈಟ್ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್ ಸುರಿದದ್ದು ಹೀಗೆ. ಅದಕ್ಕೆ ಬಳಸಿದ್ದು ಮೆಮ್‌ಕ್ಯಾಶ್‌ಡ್ ಎಂಬ ಸಾಫ್ಟ್‌ವೇರ್ ಓಡುತ್ತಿದ್ದ, ಯಾರೂ ಬೀಗ ಹಾಕದ ಸರ್ವರ್‌ಗಳನ್ನು. ಅದೇ ಸಮಯದಲ್ಲಿ ಕ್ಲೌಡ್‌ಫ್ಲೇರ್ ಕಂಪನಿ ಅಳೆದು ನೋಡಿದಾಗ ಬರೀ 15 ಬೈಟಿನ ಪ್ರಶ್ನೆಗೆ 750 ಕಿಲೋಬೈಟ್ ಉತ್ತರ ಬಂದಿತ್ತು. ಅಂದರೆ ಸುಮಾರು 51 ಸಾವಿರ ಪಟ್ಟು.

ಈ ಥರದ ದಾಳಿಯಲ್ಲಿ ನಿಮ್ಮ ಲಾಗ್‌ನಲ್ಲಿ ಕಾಣುವುದು ಆ ಬಡಪಾಯಿ ಸರ್ವರ್‌ಗಳ ವಿಳಾಸ. ದಾಳಿಕೋರನ ವಿಳಾಸ ನಿಮಗೂ ಕಾಣುವುದಿಲ್ಲ, ಸರ್ವರ್‌ನವರಿಗೂ ಕಾಣುವುದಿಲ್ಲ. ದಾರಿ ಮಧ್ಯದ ದೊಡ್ಡ ನೆಟ್‌ವರ್ಕುಗಳಿಗೆ ಅನುಮಾನ ಬಂದರೂ ಖಚಿತವಾಗಿ ಹೇಳಲು ಕಷ್ಟ, ಅಲ್ಲಿ ಎಲ್ಲರ ಟ್ರಾಫಿಕ್ಕೂ ಕಲಸಿರುತ್ತದೆ. ಇದು ಸುಳ್ಳು ಎಂದು ಖಚಿತವಾಗಿ ಹೇಳಬಲ್ಲವನು ದಾಳಿಕೋರನಿಗೆ ಸಂಪರ್ಕ ಕೊಟ್ಟವನು ಒಬ್ಬನೇ. ಅವನಿಗೆ ತಾನು ಈ ಗ್ರಾಹಕನಿಗೆ ಕೊಟ್ಟ ವಿಳಾಸ ಗೊತ್ತು. ಬೇರೆ ವಿಳಾಸ ಹೊತ್ತು ಬಂದ ಪ್ಯಾಕೆಟ್ಟನ್ನು ಅಲ್ಲೇ ಬೀಳಿಸಿದರೆ ಕತೆ ಮುಗಿಯಿತು. ಒಳಗಿನದನ್ನು ಓದಬೇಕಿಲ್ಲ, ಯಾರ ಖಾಸಗಿತನಕ್ಕೂ ಧಕ್ಕೆ ಇಲ್ಲ. ಇದನ್ನು ಮಾಡಿ ಎಂದು ಇಂಟರ್ನೆಟ್ ಎಂಜಿನಿಯರುಗಳು 2000ನೇ ಇಸವಿಯ ಮೇ ತಿಂಗಳಲ್ಲೇ ಬಿಸಿಪಿ 38 ಎಂಬ ಹೆಸರಲ್ಲಿ ಬರೆದಿಟ್ಟಿದ್ದಾರೆ. ಇವತ್ತಿನ ಯಾವ ಒಳ್ಳೆಯ ರೂಟರಿನಲ್ಲೂ ಇದಕ್ಕೆ ಸೌಲಭ್ಯ ಇರುತ್ತದೆ. 2014ರಿಂದ ಮ್ಯಾನರ್ಸ್ ಎಂಬ ಸ್ವಯಂಪ್ರೇರಿತ ಒಪ್ಪಂದವೂ ಇದೆ, ಬೇಕಾದವರು ಸಹಿ ಹಾಕಬಹುದು.

ಬೇಕಾದವರು! ಸಮಸ್ಯೆ ಅಲ್ಲೇ ಇರುವುದು. ಈ ಫಿಲ್ಟರ್ ಹಾಕುವ ಖರ್ಚು, ತಲೆನೋವು ಹಾಕುವವನದು, ಲಾಭ ಮಾತ್ರ ಬೇರೆ ಊರಿನ, ಬೇರೆ ದೇಶದ ಯಾರಿಗೋ. ತಪ್ಪಾಗಿ ಹಾಕಿದರೆ ತನ್ನದೇ ದೊಡ್ಡ ಗ್ರಾಹಕನ ಲಿಂಕ್ ನಿಂತುಹೋಗಿ ಬೈಗುಳ ತಿನ್ನಬೇಕು. ಹಾಕದಿದ್ದರೆ ಯಾರೂ ಕೇಳುವುದಿಲ್ಲ. ಹೀಗಿರುವಾಗ ಒಳ್ಳೆಯತನವನ್ನೇ ನಂಬಿಕೊಂಡು ಕೂರುವುದು ನನಗಂತೂ ಸರಿಕಾಣುವುದಿಲ್ಲ, ಇಪ್ಪತ್ತೈದು ವರ್ಷ ಕೂತದ್ದು ಸಾಕು. ಇಲ್ಲಿ ಕಾನೂನು ಬೇಕು.

ಆಗಲ್ಲ ಅನ್ನುವವರಿಗೆ ನಮ್ಮ ದೇಶದ ಫೋನ್ ಕಂಪನಿಗಳನ್ನೇ ತೋರಿಸಿ. ವಿದೇಶದಿಂದ ಬರುವ ಮೋಸದ ಕರೆ ಭಾರತದ ನಂಬರಿನಂತೆ ಕಾಣುವುದು ನೆನಪಿದೆಯಲ್ಲ, ಡಿಜಿಟಲ್ ಅರೆಸ್ಟ್ ಹಾವಳಿಯಲ್ಲಿ ಬಳಕೆಯಾದದ್ದು? ಅದೂ ಇದೇ ಸುಳ್ಳು ವಿಳಾಸದ ಆಟ. 2024ರ ಅಕ್ಟೋಬರಿನಲ್ಲಿ ದೂರಸಂಪರ್ಕ ಇಲಾಖೆ ಮತ್ತು ಕಂಪನಿಗಳು ಸೇರಿ ತಡೆ ವ್ಯವಸ್ಥೆ ಶುರು ಮಾಡಿದಾಗ ಮೊದಲ 24 ಗಂಟೆಯಲ್ಲೇ 1.35 ಕೋಟಿ ಕರೆ ಸಿಕ್ಕಿಬಿದ್ದವು ಎಂದು ಸರ್ಕಾರ ಹೇಳಿತು. ಯಾರ ಮಾತನ್ನೂ ಕದ್ದು ಕೇಳಲಿಲ್ಲ. ಹೊರಗಿನಿಂದ ಬಂದ ಕರೆಯ ಮೇಲೆ ನಮ್ಮ ನಂಬರ್ ಯಾಕಿದೆ ಎಂದಷ್ಟೇ ನೋಡಿದರು.

ಆದರೆ ನಿಮ್ಮ ಲಾಗ್‌ನಲ್ಲಿರುವುದು ಬಹುಶಃ ಈ ಜಾತಿಯ ದಾಳಿ ಅಲ್ಲ. ಮನೆಗಳ ಸಂಪರ್ಕವೇ ನೇರವಾಗಿ ಕಾಣುತ್ತಿದೆ ಎಂದರೆ ಅವು ನಿಜವಾದ ವಿಳಾಸಗಳೇ ಇರಬೇಕು, ಆ ಮನೆಗಳ ರೂಟರ್, ಕ್ಯಾಮೆರಾ, ಟಿವಿ ಬಾಕ್ಸ್‌ಗಳಿಗೆ ಮಾಲ್‌ವೇರ್ ತಗುಲಿರಬೇಕು. 2016ರ ಮಿರಾಯ್ ಎಂಬ ಮಾಲ್‌ವೇರ್ ಎಲ್ಲರಿಗೂ ಪಾಠ ಆಗಬೇಕಿತ್ತು. ಸುಮಾರು 60 ಸಿದ್ಧ ಯೂಸರ್‌ನೇಮ್, ಪಾಸ್‌ವರ್ಡ್ ಜೋಡಿಗಳ ಪಟ್ಟಿ ಹಿಡಿದು ಅದು ಕ್ಯಾಮೆರಾ, ರೂಟರ್‌ಗಳಿಗೆ ನುಗ್ಗುತ್ತಿತ್ತು. ಆ ವರ್ಷ ಅಕ್ಟೋಬರ್ 21ರಂದು ಸೈಟಿನ ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹೇಳುವ ಡಿನ್ ಎಂಬ ಕಂಪನಿಯ ಮೇಲೆ ಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವು ಅಮೆರಿಕದ ಎಷ್ಟೋ ಕಡೆ ತೆರೆಯಲೇ ಇಲ್ಲ. ನಿಮ್ಮ ಸೈಟ್ ಪರೀಕ್ಷೆ ದಿನವೇ ಬಿತ್ತು ಎಂದಿರಲ್ಲ, ಅದಕ್ಕೆ ಒಂದು ಮಾತು. ಮಿರಾಯ್ ಬರೆದು ಸಿಕ್ಕಿಬಿದ್ದ ಮೂವರಲ್ಲಿ ಒಬ್ಬ ರಟ್ಗರ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ತನ್ನದೇ ವಿಶ್ವವಿದ್ಯಾಲಯದ ಸರ್ವರ್‌ಗಳನ್ನು ಮತ್ತೆ ಮತ್ತೆ ಬೀಳಿಸುತ್ತಿದ್ದ. 86 ಲಕ್ಷ ಡಾಲರ್ ಕಟ್ಟಿಕೊಡು ಎಂದು 2018ರಲ್ಲಿ ಕೋರ್ಟ್ ಹೇಳಿತು. ನಿಮ್ಮ ಹುಡುಗರನ್ನು ಅನುಮಾನಿಸಿ ಅನ್ನುತ್ತಿಲ್ಲ, ಆದರೆ ಬಾಡಿಗೆಗೆ ಇಂಥ ದಾಳಿ ಮಾಡಿಕೊಡುವವರು ಬಹಳ ಕಮ್ಮಿ ದುಡ್ಡಿಗೆ ಸಿಗುತ್ತಾರೆ.

ಈ ಸಮಸ್ಯೆ ಹಳತಾಗಿಲ್ಲ. 2025ರ ಅಕ್ಟೋಬರ್ 24ರಂದು ಮೈಕ್ರೋಸಾಫ್ಟಿನ ಕ್ಲೌಡ್ ಸೇವೆ ಅಜೂರ್ ಮೇಲೆ ಸೆಕೆಂಡಿಗೆ 15.72 ಟೆರಾಬಿಟ್ ದಾಳಿ ನಡೆಯಿತು, 5 ಲಕ್ಷಕ್ಕೂ ಜಾಸ್ತಿ ವಿಳಾಸಗಳಿಂದ. ಆ ದಾಳಿ ಮಾಡಿದ ಐಸುರು ಎಂಬ ಬಾಟ್‌ನೆಟ್‌ನಲ್ಲಿ (ದಾಳಿಕೋರನ ಹಿಡಿತಕ್ಕೆ ಸಿಕ್ಕ ಸಾಧನಗಳ ಪಡೆ) ಇರುವುದು ಮುಖ್ಯವಾಗಿ ಮನೆಗಳ ರೂಟರ್ ಮತ್ತು ಕ್ಯಾಮೆರಾಗಳೇ. ಸುಳ್ಳು ವಿಳಾಸ ಅದರಲ್ಲಿ ತೀರಾ ಕಮ್ಮಿ ಇತ್ತು. ಹಾಗಾಗಿ ಬಿಸಿಪಿ 38 ಒಂದನ್ನೇ ಕಡ್ಡಾಯ ಮಾಡಿದರೆ ಸಾಲದು.

ಇಲ್ಲಿ ಐಎಸ್‌ಪಿ ಏನು ಮಾಡಬಹುದು? ಡೆಲ್ಫ್ಟ್ ವಿಶ್ವವಿದ್ಯಾಲಯದ ಸಂಶೋಧಕರು ನೆದರ್‌ಲೆಂಡ್ಸ್‌ನ ಒಂದು ಐಎಸ್‌ಪಿ ಜೊತೆ ಸೇರಿ ಇದನ್ನೇ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಇಷ್ಟ. ಮಿರಾಯ್ ತಗುಲಿದ ಒಂದಷ್ಟು ಗ್ರಾಹಕರಿಗೆ ಬರೀ ಇಮೇಲ್ ಕಳಿಸಿದರು. ಇನ್ನೊಂದಷ್ಟು ಜನರ ಸಂಪರ್ಕವನ್ನು ಕ್ವಾರಂಟೈನ್‌ಗೆ ಹಾಕಿದರು: ಬ್ರೌಸರ್ ತೆರೆದರೆ 'ನಿಮ್ಮ ಮನೆಯ ಯಾವುದೋ ಸಾಧನಕ್ಕೆ ಸೋಂಕು ತಗುಲಿದೆ, ಹೀಗೆ ಸರಿಮಾಡಿ' ಎಂಬ ಪುಟ ಬರುತ್ತದೆ, ಸರಿಮಾಡಿ ಒತ್ತಿದರೆ ಸಂಪರ್ಕ ಮತ್ತೆ ಸಿಗುತ್ತದೆ. ಎರಡನೇ ಗುಂಪಿನಲ್ಲಿ 14 ದಿನದೊಳಗೆ ನೂರಕ್ಕೆ 92 ಮನೆ ಶುದ್ಧವಾದವು. ಬರೀ ಇಮೇಲ್ ಕಳಿಸಿದ್ದಕ್ಕೂ ಏನೂ ಕಳಿಸದೇ ಇದ್ದದ್ದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ನಮ್ಮಲ್ಲಿ ಐಎಸ್‌ಪಿಗಳು 'ನಾವು ಗ್ರಾಹಕರಿಗೆ ಎಸ್ಸೆಮ್ಮೆಸ್ ಕಳಿಸಿದ್ದೇವೆ ಸಾರ್' ಎಂದಾಗ ಇದನ್ನು ನೆನಪಿಸಿಕೊಳ್ಳಿ.

ನಮ್ಮಲ್ಲಿ ಏನೂ ಇಲ್ಲ ಎಂದಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಅಡಿಯಲ್ಲಿ 2017ರ ಫೆಬ್ರವರಿಯಿಂದ ಸೈಬರ್ ಸ್ವಚ್ಛತಾ ಕೇಂದ್ರ ಇದೆ, ಸೋಂಕಿತ ವಿಳಾಸಗಳ ಮಾಹಿತಿ ಐಎಸ್‌ಪಿಗಳಿಗೆ ಹೋಗುತ್ತದೆ, ಅವರು ಗ್ರಾಹಕರಿಗೆ ತಿಳಿಸಬೇಕು. ಕೊರತೆ ಇರುವುದು ಆಮೇಲಿನ ಹೆಜ್ಜೆಯಲ್ಲಿ. ತಿಳಿಸಿದ ಮೇಲೆ ಎಷ್ಟು ಮನೆ ಸರಿಯಾದವು ಎಂದು ಐಎಸ್‌ಪಿ ಲೆಕ್ಕ ಕೊಡಬೇಕು, ಸುಳ್ಳು ಲೆಕ್ಕ ಕೊಟ್ಟರೆ ದಂಡ ಬೀಳಬೇಕು. ಸ್ಪ್ಯಾಮ್ ಕರೆಗಳ ವಿಷಯದಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಇದನ್ನು ಮಾಡಿದೆ. 2025ರ ಫೆಬ್ರವರಿಯ ತಿದ್ದುಪಡಿ ಪ್ರಕಾರ ಸ್ಪ್ಯಾಮ್ ಲೆಕ್ಕ ತಪ್ಪಾಗಿ ಕೊಟ್ಟ ಕಂಪನಿಗೆ ಮೊದಲ ಸಲ 2 ಲಕ್ಷ, ಎರಡನೇ ಸಲ 5 ಲಕ್ಷ, ಮುಂದೆ ಪ್ರತಿ ಸಲ 10 ಲಕ್ಷ ರೂಪಾಯಿ. ಮಾತಿಗೆ ಸಾಧ್ಯವಾದದ್ದು ಡೇಟಾಗೆ ಯಾಕಾಗಬಾರದು?

ಇನ್ನು ಐಎಸ್‌ಪಿಯೇ ಕೊಟ್ಟ ರೂಟರ್. ಇದಕ್ಕೆ ವಾದವೇ ಬೇಡ. 2017ರ ಜುಲೈನಲ್ಲಿ ಕರ್ನಾಟಕದ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರಿಗೆ ಅನುಭವ ಆಗಿದೆ, 'ಅಡ್ಮಿನ್, ಅಡ್ಮಿನ್' ಎಂಬ ಹಳೇ ಪಾಸ್‌ವರ್ಡ್ ಬದಲಿಸದೇ ಬಿಟ್ಟ ಹತ್ತಾರು ಸಾವಿರ ಮೋಡೆಂಗಳು ಮಾಲ್‌ವೇರ್‌ನಿಂದ ಕೆಲಸ ನಿಲ್ಲಿಸಿದವು. ಆಮೇಲೆ ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಗ್ರಾಹಕರಿಗೆ ಹೇಳಲಾಯಿತು. ಮನೆಯ ಅಜ್ಜನಿಗೆ ಮೋಡೆಂ ಪಾಸ್‌ವರ್ಡ್ ಬದಲಿಸು ಅನ್ನುವುದು ಯಾವ ನ್ಯಾಯ? ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಎಲ್ಲ ಸಾಧನಕ್ಕೂ ಒಂದೇ ಸಿದ್ಧ ಪಾಸ್‌ವರ್ಡ್ ಇಟ್ಟು ಮಾರುವಂತಿಲ್ಲ. ನಮ್ಮಲ್ಲಿ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ, ಒಳ್ಳೆಯ ಹೆಜ್ಜೆ. ಆದರೆ ಈಗಾಗಲೇ ಗೋಡೆಗೆ ನೇತುಹಾಕಿರುವ ಹಳೆಯ ಕ್ಯಾಮೆರಾಗಳು ಹಾಗೇ ಇವೆ.

ಇದಕ್ಕೆ ಬರುವ ಆಕ್ಷೇಪದಲ್ಲಿ ಒಂದು ಗಟ್ಟಿಯಾದದ್ದು. ಜಿಯೊ, ಏರ್‌ಟೆಲ್‌ಗೆ ಇದೆಲ್ಲ ಲೆಕ್ಕಕ್ಕಿಲ್ಲ, ಆದರೆ ತಾಲ್ಲೂಕು ಕೇಂದ್ರದಲ್ಲಿ ಮೊದಲು ಟಿವಿ ಕೇಬಲ್ ಕೊಡುತ್ತಿದ್ದು ಈಗ ಫೈಬರ್ ಕೊಡುವ ನಮ್ಮ ಕೇಬಲ್‌ನವರು ಏನು ಮಾಡಬೇಕು? ಇಬ್ಬರು ಹುಡುಗರು ಕಂಬ ಹತ್ತುವುದು, ಬಿಲ್ ವಸೂಲಿ, ಕಸ್ಟಮರ್ ಕೇರ್ ಎಲ್ಲ ನೋಡಿಕೊಳ್ಳುವ ಕಡೆ ದೊಡ್ಡ ದಂಡ ಹಾಕಿದರೆ ಅವರು ಅಂಗಡಿ ಮುಚ್ಚುತ್ತಾರೆ, ಉಳಿಯುವುದು ಆ ಇಬ್ಬರು ದೊಡ್ಡವರೇ. ಹಾಗಾಗಿ ಸುಳ್ಳು ವಿಳಾಸದ ಫಿಲ್ಟರ್ ಎಲ್ಲರಿಗೂ ಕಡ್ಡಾಯ ಇರಲಿ, ಅದಕ್ಕೆ ಜನ ಬೇಡ, ಒಂದು ಸಲದ ಕೆಲಸ. ಸೋಂಕಿತ ಮನೆಗಳನ್ನು ಹುಡುಕಿ ಸರಿಮಾಡಿಸುವ ಹೊಣೆ ಅವರಿಗೆ ಬ್ಯಾಂಡ್‌ವಿಡ್ತ್ ಮಾರುವ ಮೇಲಿನ ದೊಡ್ಡ ಕಂಪನಿಯ ಮೇಲೂ ಇರಲಿ.

ದಾರಿ ಮಧ್ಯದ ನೆಟ್‌ವರ್ಕುಗಳ ಮೇಲೆ ಮಾತ್ರ ಇಂಥ ಹೊಣೆ ಹೊರಿಸಲು ನನಗೆ ಇಷ್ಟ ಇಲ್ಲ. ಕೆಲಸಕ್ಕೆ ಬರುತ್ತದೆ, ಸುಳ್ಳಲ್ಲ. 2008ರ ನವೆಂಬರ್ 11ರಂದು ಅಮೆರಿಕದ ಸ್ಯಾನ್ ಹೊಸೆಯ ಮೆಕೋಲೊ ಎಂಬ ಹೋಸ್ಟಿಂಗ್ ಕಂಪನಿಗೆ ಸಂಪರ್ಕ ಕೊಡುತ್ತಿದ್ದ ಇಬ್ಬರು ಲೈನ್ ಕಿತ್ತಾಗ ಲೋಕದ ಸ್ಪ್ಯಾಮ್ ಮೇಲ್ ಒಂದೇ ದಿನದಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಕೆಲವು ತಿಂಗಳಲ್ಲಿ ಮತ್ತೆ ಮೊದಲಿನಂತಾಯಿತು ಅನ್ನಿ. ಆದರೆ ಆ ಲೈನ್ ಕಿತ್ತದ್ದು ಕೋರ್ಟ್ ಆದೇಶದಿಂದಲ್ಲ, ಒಬ್ಬ ಪತ್ರಕರ್ತ ಫೋನ್ ಮಾಡಿ ವಿಚಾರಿಸಿದ್ದರಿಂದ. ಅವತ್ತು ಕಿತ್ತದ್ದು ಕಳ್ಳರ ಲೈನ್. ಅದೇ ಅಧಿಕಾರ ಇಟ್ಟುಕೊಂಡು ನಾಳೆ ಯಾರ ಲೈನ್ ಕೀಳುತ್ತಾರೋ.

ನಿಮ್ಮ ವಿಷಯಕ್ಕೆ ಬಂದರೆ, ಈಗ ಮಾಡಬಹುದಾದದ್ದು ಇದೆ. ಆ ಐಎಸ್‌ಪಿಗೆ ಮತ್ತೆ ಬರೆಯಿರಿ, ಆದರೆ ಈ ಸಲ ಬರೀ ಐಪಿ ವಿಳಾಸ ಕಳಿಸಬೇಡಿ. ಐಪಿವಿ4 ಎಂಬ ಹಳೆಯ ಮಾದರಿಯ ಐಪಿ ವಿಳಾಸಗಳ ಕೊರತೆಯಿಂದ ನಮ್ಮಲ್ಲಿ ಒಂದೇ ವಿಳಾಸದ ಹಿಂದೆ ಹತ್ತಾರು, ಕೆಲವೊಮ್ಮೆ ನೂರಾರು ಮನೆಗಳಿರುತ್ತವೆ, ಯಾವ ಮನೆ ಎಂದು ತಿಳಿಯಲು ಅವರಿಗೆ ಸೋರ್ಸ್ ಪೋರ್ಟ್ ನಂಬರ್ ಮತ್ತು ಸೆಕೆಂಡಿನವರೆಗೆ ಸರಿಯಾದ ಸಮಯ ಬೇಕೇ ಬೇಕು. ಹೋಸ್ಟಿಂಗ್‌ನವರಿಂದ ಅವೆರಡನ್ನೂ ಕೇಳಿ ಪಡೆಯಿರಿ. ಕಸ್ಟಮರ್ ಕೇರ್‌ಗೆ ಬರೆಯಬೇಡಿ, ಆ ವಿಳಾಸ ಯಾರದು ಎಂದು ತೋರಿಸುವ ಹೂಈಸ್ ಎಂಬ ಸಾರ್ವಜನಿಕ ದಾಖಲೆಯಲ್ಲಿ 'ಅಬ್ಯೂಸ್' ಎಂದು ಕೊಟ್ಟಿರುವ ಇಮೇಲ್‌ಗೆ ಬರೆಯಿರಿ, ಪ್ರತಿಯನ್ನು ಸರ್ಟ್-ಇನ್‌ಗೂ ಕಳಿಸಿ. ತಡ ಮಾಡಬೇಡಿ, ಸರ್ಟ್-ಇನ್‌ನ 2022ರ ಏಪ್ರಿಲ್ 28ರ ಆದೇಶದ ಪ್ರಕಾರ ಕಂಪನಿಗಳು ಲಾಗ್ ಇಟ್ಟುಕೊಳ್ಳಬೇಕಾದದ್ದು 180 ದಿನ. ಸೈಬರ್ ಪೊಲೀಸರಿಗೆ ದೂರು ಕೊಡುವಾಗ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಉಲ್ಲೇಖಿಸಿ, ಬೇರೆಯವರ ಕಂಪ್ಯೂಟರ್ ಬಳಕೆಗೆ ಸಿಗದಂತೆ ಮಾಡುವುದು ಅವುಗಳಡಿ ಬರುತ್ತದೆ. ಮುಂದಿನ ಮಾಕ್ ಟೆಸ್ಟ್‌ಗೆ ಮೊದಲು ಸೈಟನ್ನು ಡಿಡಾಸ್ ತಡೆಯುವ ಸಿಡಿಎನ್ (ನಿಮ್ಮ ಸರ್ವರಿನ ಮುಂದೆ ನಿಂತು ಟ್ರಾಫಿಕ್ ತಾನು ತೆಗೆದುಕೊಳ್ಳುವ ಸೇವೆ) ಹಿಂದೆ ಹಾಕಿಸಿ, ಹಾಕಿಸಿದ ಮೇಲೆ ಸರ್ವರಿನ ಐಪಿ ಬದಲಿಸಿಕೊಳ್ಳಲು ಮರೆಯಬೇಡಿ. ಹಳೆಯ ಐಪಿ ಈಗಾಗಲೇ ದಾಳಿಕೋರನ ಹತ್ತಿರ ಇದೆ.